ಹಿಂದಿರುಗುವ ದಿನದಿಂದ ಮೊದಲಾಗುವ ಯೋಜನೆ

ಮಂಡ್ಯದ ಹೊರವಲಯದ ವಿ.ಸಿ. ಫಾರಂ, ಅಂದರೆ ಕನ್ನಂಬಾಡಿಯಿಂದ ಹರಿದುಬರುವ ವಿಶ್ವೇಶ್ವರಯ್ಯ ನಾಲೆಯ ನೀರಿಗೆ ತಕ್ಕ ಬೇಸಾಯ ಯಾವುದೆಂದು ಪರೀಕ್ಷಿಸಿ ನೋಡಲು 1930ರ ದಶಕದ ಆರಂಭದಲ್ಲಿ ಹುಟ್ಟಿಕೊಂಡ ಕೃಷಿ ಸಂಶೋಧನಾ ಕೇಂದ್ರ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಭತ್ತ, ಕಬ್ಬು, ರಾಗಿಯ ತಾಕುಗಳ ನಡುವೆ ಓದುತ್ತಿರುವ ಮಂಡ್ಯ, ಮದ್ದೂರು, ಮಳವಳ್ಳಿಯ ತರುಣ ತರುಣಿಯರು ಬೆನ್ನಿಗೆ ಚೀಲ ಹೊತ್ತು 5,000 ಮೀಟರಿಗೂ ಮೇಲಿನ ಹಿಮಾಲಯದ ಹಾದಿಗಳನ್ನು ಹಲವು ದಿನ ನಡೆದು ದಾಟಬೇಕೆಂದು ಬಯಸುವುದು ಈಚೆಗೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಅದೇ ಕೇಂದ್ರದಿಂದ ನಿವೃತ್ತರಾದ, ವಿದ್ಯಾರ್ಥಿಗಳ ತಂಡಗಳೊಡನೆ ಹಿಮಾಲಯದಲ್ಲಿ ನಡೆದು ಬಂದ ಬೇಸಾಯ ವಿಜ್ಞಾನಿ. ಇನ್ನೊಬ್ಬಳು ಫಾರಂನ ಕೃಷಿ ಕಾಲೇಜಿನ ವಿದ್ಯಾರ್ಥಿನಿ, ಮಳವಳ್ಳಿ ಕಡೆಯವಳು. ಆಕೆಯ ಐವರ ತಂಡ ಆರಿಸಿಕೊಂಡಿರುವುದು ಹಿಮಾಚಲ ಪ್ರದೇಶದ ಪಿನ್–ಪಾರ್ವತಿ ಪಾಸ್. ಪಾಸ್ ಎಂದರೆ ಎರಡು ಕಣಿವೆಗಳನ್ನು ಬೇರ್ಪಡಿಸುವ ಪರ್ವತದ ಏಣಿನಲ್ಲಿ ಆಚೆ ದಾಟಲು ಎಡೆಗೊಡುವ ತಗ್ಗು. ಈ ತಗ್ಗೇ 5,319 ಮೀಟರ್ ಎತ್ತರದಲ್ಲಿದ್ದು, ಕುಲ್ಲು ಜಿಲ್ಲೆಯ ಹಸಿರು ಪಾರ್ವತಿ ಕಣಿವೆಯನ್ನು ಸ್ಪಿತಿಯ ಒಣ ಪಿನ್ ಕಣಿವೆಗೆ ಕೂಡಿಸುತ್ತದೆ. ಪಾರ್ವತಿ ಕಣಿವೆಯ ಬರ್ಶೇಣಿಯಿಂದ ಪಿನ್ ಕಣಿವೆಯ ಮಡ್ ಗ್ರಾಮದವರೆಗಿನ ನಡಿಗೆ ಸುಮಾರು 100 ಕಿಲೋಮೀಟರ್.

ವಿದ್ಯಾರ್ಥಿನಿ: ಸರ್, ತಂಡದ ಯೋಜನೆ ಬಹುಮಟ್ಟಿಗೆ ಸಿದ್ಧವಾಗಿದೆ. ಯಾವ ದಿನ ಎಲ್ಲಿಂದ ಹೊರಟು ಎಲ್ಲಿ ಬಿಡಾರ ಹೂಡುವುದು, ಯಾರ ಚೀಲದಲ್ಲಿ ಡೇರೆ, ಯಾರ ಚೀಲದಲ್ಲಿ ಒಲೆ, ಕುಲ್ಲುವಿನಲ್ಲಿ ಯಾವ ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಳ್ಳುವುದು ಎಂಬುದನ್ನೆಲ್ಲ ಬರೆದಿಡಲಾಗಿದೆ. ಇದರಲ್ಲಿ ಬಿಟ್ಟುಹೋಗಿರುವುದು ಏನೆಂದು ತಾವು ನೋಡಿ ಹೇಳಬೇಕು.

ಹಿರಿಯರು: ನೋಡಮ್ಮ, ಈ ಹಾಳೆಯಲ್ಲಿ ಹೊರಡುವ ದಿನವಿದೆ, ಪಾಸ್ ದಾಟುವ ದಿನವಿದೆ, ಮಡ್ ತಲುಪುವ ದಿನವೂ ಇದೆ; ಆದರೆ ಯಾವ ಸ್ಥಳದಲ್ಲಿ, ಯಾವ ಸ್ಥಿತಿ ಕಂಡರೆ ತಂಡ ಬಂದ ದಾರಿಯಲ್ಲೇ ಹಿಂದಿರುಗಬೇಕು ಎಂಬ ಒಂದು ಸಾಲೂ ಇಲ್ಲ. ಉಳಿದದ್ದೆಲ್ಲ ಆ ಸಾಲು ಬರೆದ ಮೇಲೆ ಬರಬೇಕಾದದ್ದು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿ 9 ಮಂದಿ ಪ್ರಾಣ ಕಳೆದುಕೊಂಡರು. ತಂಡದ ಬಹುಪಾಲು ಜನ ಕರ್ನಾಟಕದವರು, ಅವರಲ್ಲಿ ಹಲವರು ಪಳಗಿದ ಚಾರಣಿಗರು. ಉಳಿದವರನ್ನು ಹೆಲಿಕಾಪ್ಟರುಗಳ ನೆರವಿನಿಂದ ಕೆಳಗೆ ತರಬೇಕಾಯಿತು, ಕರ್ನಾಟಕದ ಸಚಿವರೊಬ್ಬರು ಡೆಹ್ರಾಡೂನಿಗೆ ಹೋಗಿ ಕೆಲಸದ ಉಸ್ತುವಾರಿ ನೋಡಿಕೊಂಡರು. ಅಲ್ಲಿ ಯಾರು ಏನು ಮಾಡಬೇಕಿತ್ತು ಎಂದು ಮಂಡ್ಯದಲ್ಲಿ ಕೂತು ತೀರ್ಪು ಕೊಡುವುದು ಸಲ್ಲದು. ಆದರೆ ಜೂನ್ ತಿಂಗಳಲ್ಲೂ, ಪಾಸ್ ದಾಟದ ಹಾದಿಯಲ್ಲೂ, ಕೆಲವೇ ಗಂಟೆಗಳಲ್ಲಿ ಹವೆ ಅಷ್ಟು ಕೆಡಬಹುದು ಎಂಬುದನ್ನು ಕನ್ನಡ ನಾಡಿನ ಯಾವ ತಂಡವೂ ಇನ್ನು ಮರೆಯುವಂತಿಲ್ಲ.

ವಿದ್ಯಾರ್ಥಿನಿ: ಹೊರಡುವ ಮೊದಲೇ ಹಿಂದಿರುಗುವ ಮಾತನ್ನು ಬರೆದಿಟ್ಟರೆ ತಂಡದ ಉತ್ಸಾಹ ಕುಗ್ಗುವುದಿಲ್ಲವೇ? ಸ್ಥಳದಲ್ಲಿ ನಿಂತು, ಕಣ್ಣಾರೆ ನೋಡಿ ತೀರ್ಮಾನಿಸುವುದೇ ಹೆಚ್ಚು ಸರಿಯಲ್ಲವೇ?

ಹಿರಿಯರು: ಈ ಪ್ರಶ್ನೆಗೆ ಉತ್ತರ ಫಾರಂನ ತಾಕುಗಳಲ್ಲೇ ಇದೆ. ಮಳೆಯಾಶ್ರಿತ ರಾಗಿಗೆ ಜುಲೈವರೆಗೆ ಹದಮಳೆ ಸಿಕ್ಕರೆ ಎಂ.ಆರ್-1, ಎಲ್-5ರಂಥ ದೀರ್ಘಾವಧಿ ತಳಿಗಳನ್ನು ಬಿತ್ತುವುದು, ಆಗಸ್ಟ್ ಬಂದರೂ ಮಳೆ ಬಾರದಿದ್ದರೆ ಆ ಆಸೆಯನ್ನು ಬಿಟ್ಟು ನೂರು ದಿನದ ಆಸುಪಾಸಿನಲ್ಲಿ ಕೊಯ್ಲಿಗೆ ಬರುವ ಇಂಡಾಫ್-9, ಜಿಪಿಯು-48ರಂಥ ಅಲ್ಪಾವಧಿ ತಳಿಗೆ ಇಳಿಯುವುದು, ಇದನ್ನು ಪರ್ಯಾಯ ಬೆಳೆ ಯೋಜನೆ ಎನ್ನುತ್ತಾರೆ. ಅದರ ಬಲವಿರುವುದು ತೀರ್ಮಾನದ ದಿನಾಂಕ ಮೊದಲೇ ಗೊತ್ತಾಗಿರುವುದರಲ್ಲಿ. ಏಕೆಂದರೆ ಬಿತ್ತನೆ ಬೀಜ ಮನೆಯಲ್ಲಿ ತಂದಿಟ್ಟುಕೊಂಡ ರೈತನಿಗೆ ಆಗಸ್ಟಿನ ಪ್ರತಿ ಮೋಡವೂ ಮಳೆಯ ಮೋಡವಾಗಿಯೇ ಕಾಣುತ್ತದೆ. ಆರು ದಿನ ನಡೆದು ಪಾಸಿನ ಬುಡಕ್ಕೆ ಬಂದ ತಂಡದ ಮನಸ್ಸೂ ಹಾಗೆಯೇ ಇರುತ್ತದೆ, ಅದರ ಜೊತೆಗೆ ಅಲ್ಲಿ ಆಮ್ಲಜನಕದ ಕೊರತೆಯಿಂದ ವಿವೇಚನೆಯೂ ಮಂಕಾಗಿರುತ್ತದೆ. ಆದ್ದರಿಂದ ನಿದ್ದೆ ಚೆನ್ನಾಗಿರುವ, ಉಸಿರು ಸಲೀಸಾಗಿರುವ ಮಂಡ್ಯದಲ್ಲಿ ಬರೆದ ತೀರ್ಮಾನಕ್ಕೆ, ನಿದ್ದೆಗೆಟ್ಟು ಚಳಿಯಲ್ಲಿ ಕೂತು ಮಾಡುವ ತೀರ್ಮಾನಕ್ಕಿಂತ ಹೆಚ್ಚಿನ ಅಧಿಕಾರವನ್ನು ಕೊಡಬೇಕು.

ವಿದ್ಯಾರ್ಥಿನಿ: ಆಮ್ಲಜನಕದ ಕೊರತೆ ಎಂದಾಗ, ಗಾಳಿಯಲ್ಲಿ ಅದರ ಪಾಲೇ ಕಡಿಮೆಯಾಗುತ್ತದೆಯೇ?

ಹಿರಿಯರು: ಪಾಲು ಕಡಿಮೆಯಾಗುವುದಿಲ್ಲ, ಮಂಡ್ಯದಲ್ಲೂ ಪಾಸಿನ ಮೇಲೂ ಅದು ಶೇಕಡ 21ರ ಹತ್ತಿರವೇ ಇರುತ್ತದೆ. ಕುಸಿಯುವುದು ವಾಯುಭಾರ. 5,300 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು, ಹಾಗಾಗಿ ಒಂದು ಉಸಿರಿಗೆ ಶ್ವಾಸಕೋಶಕ್ಕೆ ದಕ್ಕುವ ಆಮ್ಲಜನಕವೂ ಸುಮಾರು ಅಷ್ಟಕ್ಕೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು: ಉಸಿರಾಟ ಹೆಚ್ಚುತ್ತದೆ, ರಕ್ತದ ಕ್ಷಾರಗುಣವನ್ನು ಮೂತ್ರಪಿಂಡಗಳು ಸರಿದೂಗಿಸುತ್ತವೆ, ನಿಧಾನವಾಗಿ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಒಗ್ಗಿಕೊಳ್ಳುವಿಕೆ ಎಂಬ ಈ ಕ್ರಿಯೆಗೆ ದಿನಗಳು ಬೇಕು, ಅದನ್ನು ಮನೋಬಲದಿಂದ ಅವಸರಪಡಿಸಲಾಗದು. ಸುಮಾರು 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ಸುಸ್ತು, ನಿದ್ದೆಗೇಡು ಒಟ್ಟಾಗಿ ಕಾಣಿಸಿಕೊಂಡರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ಅದನ್ನು ಲೆಕ್ಕಿಸದೆ ಏರಿದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಮಿದುಳು ಊದಿಕೊಳ್ಳುತ್ತದೆ, ಎರಡೂ ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲವು. ಕೂತಾಗಲೂ ಏದುಸಿರು ಬಿಡುವವರನ್ನು, ನೇರ ಗೆರೆಯ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಡಲಾರದೆ ತೂರಾಡುವವರನ್ನು ರಾತ್ರಿಯಾದರೂ ಸರಿ, ಕೆಳಗೆ ಇಳಿಸಲೇಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ ನಿಜ, ಆದರೆ ಸಲ್ಫಾ ಔಷಧಿಗಳು ಒಗ್ಗದವರಿಗೆ ಅದು ಅಪಾಯ ತರಬಹುದಾದ್ದರಿಂದ ವೈದ್ಯರನ್ನು ಕೇಳದೆ ಅದನ್ನು ಚೀಲಕ್ಕೆ ಹಾಕಬಾರದು.

ವಿದ್ಯಾರ್ಥಿನಿ: ತಂಡದವರು ದಿನವೂ ಮುಂಜಾನೆ ನಾಲೆಯ ಏರಿಯ ಮೇಲೆ ಹತ್ತು ಕಿಲೋಮೀಟರ್ ನಡೆಯುತ್ತಿದ್ದಾರೆ. ಕುಂತಿಬೆಟ್ಟವನ್ನು ಹತ್ತಿಳಿದಿದ್ದಾರೆ, ಮುಂದೆ ಕುಮಾರ ಪರ್ವತಕ್ಕೂ ಹೋಗಲಿದ್ದಾರೆ. ಇಷ್ಟು ಸಾಲುವುದಿಲ್ಲವೇ?

ಹಿರಿಯರು: ನಾಲೆಯ ಏರಿ ಬಹುಮಟ್ಟಿಗೆ ಸಮತಟ್ಟು, ಏಕೆಂದರೆ ನೀರು ತನ್ನ ಭಾರದಿಂದಲೇ ಮೆಲ್ಲನೆ ಹರಿಯುವಷ್ಟು ಮಾತ್ರ ಇಳಿಜಾರನ್ನು ಅದಕ್ಕೆ ಕೊಡಲಾಗಿದೆ, ಅಲ್ಲಿನ ನಡಿಗೆ ಉಸಿರಿನ ದಮ್ಮನ್ನು ಬೆಳೆಸುತ್ತದೆಯೇ ಹೊರತು ಇಳಿಜಾರಿನಲ್ಲಿ ಭಾರ ಹೊತ್ತ ಮೊಣಕಾಲನ್ನು ಗಟ್ಟಿ ಮಾಡುವುದಿಲ್ಲ. ಕುಮಾರ ಪರ್ವತ ಬೇರೆ ಮಾತು: ಸುಬ್ರಹ್ಮಣ್ಯದಿಂದ 1,712 ಮೀಟರಿನ ಶಿಖರದವರೆಗೆ ಸುಮಾರು 1,600 ಮೀಟರ್ ಏರಿ ಇಳಿಯಬೇಕಾದ್ದರಿಂದ, ಹಿಮಾಲಯಕ್ಕೆ ಒಯ್ಯುವ ಅದೇ ಬೂಟು, ಅದೇ ಚೀಲ, ಅಷ್ಟೇ ತೂಕದೊಡನೆ ಅಲ್ಲಿ ನಡೆದರೆ ಎಲ್ಲಿ ಬೊಬ್ಬೆ ಏಳುತ್ತದೆ, ಯಾವ ಪಟ್ಟಿ ಹೆಗಲನ್ನು ಕೊರೆಯುತ್ತದೆ ಎಂಬುದು ತಿಳಿದುಬಿಡುತ್ತದೆ. ಈಗ ಅರಣ್ಯ ಇಲಾಖೆ ಅಲ್ಲಿಗೆ ದಿನಕ್ಕೆ ಇಂತಿಷ್ಟೇ ಜನರೆಂದು ಆನ್‌ಲೈನ್ ಬುಕಿಂಗ್ ಮಾಡಿರುವುದರಿಂದ ದಿನವನ್ನು ಮೊದಲೇ ಕಾದಿರಿಸಿಕೊಳ್ಳಬೇಕು. ಆದರೆ ಕಾಲಿನ ಬಲವೇ ಬೇರೆ, ಎತ್ತರಕ್ಕೆ ಒಗ್ಗುವುದೇ ಬೇರೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ, ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಎಂದರೆ ಎತ್ತರದಲ್ಲಿ ಯಾರ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿ ನೋಡುವ ಜಾಗ ಈ ನಾಡಿನಲ್ಲಿಲ್ಲ. ಆ ಪರೀಕ್ಷೆ ಹಾದಿಯಲ್ಲೇ ನಡೆಯಬೇಕು. ಗಟ್ಟಿಮುಟ್ಟಾದವರಿಗೇ ಇಲ್ಲಿ ಅಪಾಯ ಹೆಚ್ಚು, ಏಕೆಂದರೆ ಅವರು ಬೇಗ ಏರಿಬಿಡುತ್ತಾರೆ.

ವಿದ್ಯಾರ್ಥಿನಿ: ಹಾಗಾದರೆ ದಿನಗಳ ಹಂಚಿಕೆಯನ್ನು ಮತ್ತೆ ನೋಡಬೇಕು. ಐದನೆಯ ದಿನ ಮಂತಲಾಯಿ ಸರೋವರ, ಆರನೆಯ ದಿನ ಪಾಸಿನ ಬುಡದ ಬಿಡಾರ, ಏಳನೆಯ ದಿನ ಪಾಸ್ ಎಂದು ಬರೆಯಲಾಗಿದೆ.

ಹಿರಿಯರು: ವೈದ್ಯರು ಒಪ್ಪಿರುವ ಕ್ರಮವೆಂದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಮರುರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಹಾದಿಯ ಆರಂಭದಲ್ಲಿ ಸಿಗುವ ಖೀರ್‌ಗಂಗಾ ಸುಮಾರು 2,960 ಮೀಟರ್, ಮಂತಲಾಯಿ 4,100 ಮೀಟರ್. ಅಲ್ಲಿಯವರೆಗೆ ಈ ಹಾದಿ ಕರುಣೆಯಿಂದ, ಮೆಲ್ಲಮೆಲ್ಲನೆ ಏರುತ್ತದೆ. ತೊಡಕಿರುವುದು ಅಲ್ಲಿಂದ ಮುಂದೆ. ಸರೋವರದ ದಂಡೆಯಿಂದ ಹೊರಟು ಒಂದೇ ದಿನದಲ್ಲಿ ಪಾಸಿನ ಬುಡಕ್ಕೆ ಹೋಗಿ ಮಲಗಿದರೆ ಆ ಮಿತಿ ಮೀರಿಹೋಗುತ್ತದೆ. ಆದ್ದರಿಂದ ಮಂತಲಾಯಿಯಲ್ಲಿ ಒಂದು ದಿನ ಪೂರ್ತಿ ನಿಂತು, ಹಗಲಿನಲ್ಲಿ ತುಸು ಮೇಲೆ ಹತ್ತಿ ಇಳಿದು, ಮರುದಿನ ನಡುವೆ ಒಂದು ಬಿಡಾರ ಹೂಡಿ, ಆಮೇಲೆ ಬುಡದ ಬಿಡಾರಕ್ಕೆ ಹೋಗಬೇಕು. ಪಾಸಿನ ಎರಡೂ ಕಡೆ ಹಿಮನದಿ ಇದೆ. ಹಿಮನದಿ ಎಂದರೆ ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರುವ ಹಿಮಗಡ್ಡೆಯ ಹೊನಲು, ಅದು ಬಾಗುವೆಡೆಯಲ್ಲಿ ಬಿಟ್ಟ ಆಳವಾದ ಬಿರುಕುಗಳನ್ನು ಹೊಸ ಮಂಜು ಮುಚ್ಚಿರುತ್ತದೆ. ಹಗ್ಗದಲ್ಲಿ ಒಬ್ಬರನ್ನೊಬ್ಬರು ಕಟ್ಟಿಕೊಂಡು, ಹಿಮ ಗಟ್ಟಿಯಾಗಿರುವ ನಸುಕಿನಲ್ಲೇ ಹೊರಟು, ಮಧ್ಯಾಹ್ನದ ಮೋಡ ಕವಿಯುವ ಮೊದಲು ಆಚೆ ಇಳಿದಿರಬೇಕು. ಹಗ್ಗದ ಬಳಕೆ ತಿಳಿದ ಮಾರ್ಗದರ್ಶಿ ಇಲ್ಲದೆ ಈ ಹಾದಿಗೆ ಕಾಲಿಡುವಂತೆಯೇ ಇಲ್ಲ.

ವಿದ್ಯಾರ್ಥಿನಿ: ಹಾದಿಯಲ್ಲಿ ಪಾಂಡು ಪುಲ್ ಎಂಬ ಕಲ್ಲಿನ ಸೇತುವೆಗಳಿವೆಯಂತೆ. ಪಾಂಡವರು ಕೂಡಿಸಿದ ಬಂಡೆಗಳೆಂದು ಅಲ್ಲಿಯವರು ಹೇಳುತ್ತಾರೆ ಎಂದು ತಿಳಿದಾಗ ಪಾಂಡವಪುರದ ಪಕ್ಕದ ಕುಂತಿಬೆಟ್ಟ ನೆನಪಾಯಿತು.

ಹಿರಿಯರು: ಎರಡು ಸಾವಿರ ಕಿಲೋಮೀಟರಿಗೂ ದೂರದ ಎರಡು ಊರುಗಳು ದೊಡ್ಡ ಬಂಡೆಗಳನ್ನು ಕಂಡು ಒಂದೇ ಕಥೆಯನ್ನು ನೆನೆದಿರುವುದು ಸಂತೋಷದ ಸಂಗತಿ. ಆದರೂ ಆ ಬಂಡೆಗಳನ್ನು ಬೆಳಿಗ್ಗೆಯೇ ದಾಟಬೇಕು. ಹಿಮ ಕರಗಿ ಬರುವ ನೀರು ಮಧ್ಯಾಹ್ನದ ಹೊತ್ತಿಗೆ ಉಬ್ಬುತ್ತದೆ, ಒದ್ದೆ ಬಂಡೆ ಜಾರುತ್ತದೆ.

ಈ ಬಗೆಯ ಚರ್ಚೆಗಳಲ್ಲಿ ಆಹಾರದ ಮಾತು ಸಾಮಾನ್ಯವಾಗಿ ಕೊನೆಗೆ, ಅದೂ ಅಂಗಡಿಯಲ್ಲಿ ಸಿಗುವ ಪೊಟ್ಟಣಗಳ ಪಟ್ಟಿಯಾಗಿ ಬರುತ್ತದೆ. ಈ ಇಬ್ಬರ ಮಾತು ಅಲ್ಲಿ ಹೆಚ್ಚು ಹೊತ್ತು ನಿಂತದ್ದಕ್ಕೆ ಕಾರಣವಿದೆ: ಚೀಲದ ತೂಕ, ಉರುವಲು, ಬಿಡಾರದಲ್ಲಿ ಕಳೆಯುವ ಸಮಯ, ಈ ಮೂರನ್ನೂ ನಿರ್ಧರಿಸುವುದು ಆಹಾರವೇ, ಮತ್ತು ಆ ವಿಷಯದಲ್ಲಿ ರಾಗಿಯ ನೆಲಕ್ಕೆ ಹೇಳಲು ತನ್ನದೇ ಮಾತಿದೆ.

ವಿದ್ಯಾರ್ಥಿನಿ: ಅಕ್ಕಿ, ತೊಗರಿಬೇಳೆ ಒಯ್ಯುವುದೆಂದು ತಂಡ ತೀರ್ಮಾನಿಸಿದೆ, ಹತ್ತು ಹನ್ನೆರಡು ದಿನ ಅನ್ನ ಸಾರಿಲ್ಲದೆ ಇರಲಾರೆವೆಂಬುದು ಎಲ್ಲರ ಮಾತು.

ಹಿರಿಯರು: ನೀರು ಕುದಿಯುವ ಉಷ್ಣಾಂಶ ಪ್ರತಿ 300 ಮೀಟರ್ ಏರಿಕೆಗೆ ಸುಮಾರು ಒಂದು ಡಿಗ್ರಿಯಂತೆ ಇಳಿಯುತ್ತದೆ. ಮಂತಲಾಯಿಯಲ್ಲಿ ಅದು 86 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಬೇಳೆ ಗಂಟೆಗಟ್ಟಲೆ ಕುದಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಕುಕ್ಕರ್ ಒಯ್ದರೆ ಅದರ ತೂಕ, ಒಯ್ಯದಿದ್ದರೆ ಗ್ಯಾಸಿನ ತೂಕ. ಆ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲದ್ದರಿಂದ ಕುಲ್ಲು, ಮನಾಲಿಯ ಕಡೆಯೇ ಕೊಳ್ಳಬೇಕು. ರಾಗಿಯ ಹಿಟ್ಟು ಆ ಉಷ್ಣಾಂಶದಲ್ಲೂ ಬೇಯುತ್ತದೆ, ಅಂಬಲಿ ಮಾಡಿಕೊಳ್ಳಬಹುದು. ಮುದ್ದೆ ತಿರುವುತ್ತ ಕೂರುವಷ್ಟು ಗ್ಯಾಸನ್ನು ಮಾತ್ರ ಅಲ್ಲಿ ಕಳೆಯಬಾರದು. ಇದೆಲ್ಲಕ್ಕಿಂತ ಒಳ್ಳೆಯದು ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಹದಕ್ಕೆ ನೆನೆಸಿಟ್ಟು, ಕಾದ ಮರಳಿನಲ್ಲಿ ಅರಳುವಂತೆ ಹುರಿದು ಬೀಸಿದ ಈ ಹಿಟ್ಟು ಆಗಲೇ ಬೆಂದದ್ದು. ಬೆಲ್ಲದ ಪುಡಿ, ತುಪ್ಪ, ಹಾಲಿನ ಪುಡಿ ಹಾಕಿ ಬಿಸಿನೀರಿನಲ್ಲೋ ತಣ್ಣೀರಿನಲ್ಲೋ ಕಲಸಿದರೆ ಊಟ ಸಿದ್ಧ. ಬಿರುಗಾಳಿಯಲ್ಲಿ ಒಲೆ ಹೊತ್ತದ ರಾತ್ರಿ ಹಸಿದು ಮಲಗುವ ಪಾಡು ಇದರಿಂದ ತಪ್ಪುತ್ತದೆ. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತೆಗೆದ ‘ರಾಗಿ ಲಕ್ಷ್ಮಣಯ್ಯ’ನವರು ದುಡಿದ ನೆಲದಿಂದ ಹೊರಡುವ ತಂಡ ಓಟ್ಸ್ ಪೊಟ್ಟಣ ಹೊತ್ತು ಹೋಗಬೇಕಾದ ಅಗತ್ಯ ಕಾಣುವುದಿಲ್ಲ.

ವಿದ್ಯಾರ್ಥಿನಿ: ಒಬ್ಬರಿಗೆ ದಿನಕ್ಕೆ ಎಷ್ಟು ಬೇಕಾಗಬಹುದು?

ಹಿರಿಯರು: ಭಾರ ಹೊತ್ತು ಏರುವ ದಿನಗಳಲ್ಲಿ ದೇಹ 3,500 ಕಿಲೋಕ್ಯಾಲೊರಿಗೂ ಹೆಚ್ಚು ಶಕ್ತಿಯನ್ನು ಕೇಳುತ್ತದೆ. ಪಿಷ್ಟ ಗ್ರಾಮಿಗೆ 4 ಕಿಲೋಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಹಾಗಾಗಿ ತೂಕ ಉಳಿಸುವ ಉಪಾಯವಿರುವುದು ತುಪ್ಪ, ಕೊಬ್ಬರಿ, ಕಡಲೆಕಾಯಿ ಬೀಜದಲ್ಲಿ. ಹುರಿಹಿಟ್ಟು 250 ಗ್ರಾಂ, ಅವಲಕ್ಕಿ 150, ಬೆಲ್ಲ 100, ಕಡಲೆಕಾಯಿ ಬೀಜ 100, ಹಾಲಿನ ಪುಡಿ, ಹುರಿಗಡಲೆ, ಕೊಬ್ಬರಿ ತಲಾ 50, ತುಪ್ಪ 40 ಗ್ರಾಂ ಸೇರಿಸಿದರೆ 800 ಗ್ರಾಮಿಗೆ ತುಸು ಕಡಿಮೆ ತೂಕದಲ್ಲಿ ಸುಮಾರು 3,300 ಕಿಲೋಕ್ಯಾಲೊರಿ ಸಿಗುತ್ತದೆ. ಲೆಕ್ಕ ಇಷ್ಟಾದರೂ ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಸಿಹಿ ಕಂಡರೆ ಓಕರಿಕೆ ಬರುತ್ತದೆ. ಆಗ ನಾಲಗೆಗೆ ಪರಿಚಯವಿರುವ ಚಟ್ನಿಪುಡಿ, ಉಪ್ಪಿನಕಾಯಿ, ಹುಣಸೆಹುಳಿಯೇ ನಾಲ್ಕು ತುತ್ತು ಒಳಗಿಳಿಸುತ್ತವೆ. ಇದರ ಮೇಲೆ ಎರಡು ದಿನದ ಆಹಾರವನ್ನು ಬೇರೆಯೇ ಕಟ್ಟಿ, ಹವೆ ಕೆಟ್ಟು ಡೇರೆಯಲ್ಲಿ ಕೂರಬೇಕಾದ ದಿನಗಳಿಗೆಂದು ಮುಟ್ಟದೆ ಇಡಬೇಕು. ಒಟ್ಟು ಚೀಲ ಹೊರುವವರ ತೂಕದ ಐದನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಳ್ಳುವುದು ಲೇಸು.

ವಿದ್ಯಾರ್ಥಿನಿ: ಹನ್ನೆರಡು ದಿನದ ಆಹಾರವೇ ಒಂಬತ್ತು ಕಿಲೋ ದಾಟುತ್ತದೆ. ಡೇರೆ, ಮಲಗುವ ಚೀಲ, ಬಟ್ಟೆ ಸೇರಿದರೆ ಆ ಮಿತಿ ನಿಲ್ಲುವುದಿಲ್ಲವಲ್ಲ, ಸರ್.

ಹಿರಿಯರು: ನಿಲ್ಲುವುದಿಲ್ಲ, ಆದ್ದರಿಂದ ಹೊರೆಯಾಳುಗಳು ಬೇಕಾಗುತ್ತಾರೆ. ಅವರನ್ನು ಗೊತ್ತುಮಾಡಿಕೊಳ್ಳುವ ತಂಡ ಅವರ ಡೇರೆ, ಬೂಟು, ಕಪ್ಪು ಕನ್ನಡಕ, ಊಟ, ವಿಮೆ ಎಲ್ಲವನ್ನೂ ತನ್ನ ಪಟ್ಟಿಯಲ್ಲೇ ಬರೆದುಕೊಳ್ಳಬೇಕು. ಬೆಟ್ಟದವರಿಗೆ ಚಳಿ ತಾಗುವುದಿಲ್ಲ ಎಂಬ ಮಾತು ಶುದ್ಧ ಸುಳ್ಳು. ಹಿಮಗಾಳಿ ಬೀಸಿದರೆ ಅದು ಹೊರೆಯಾಳನ್ನೂ ಚಾರಣಿಗನನ್ನೂ ಬೇರೆ ಮಾಡಿ ನೋಡುವುದಿಲ್ಲ. ತಂಡ ಹಿಂದಿರುಗಲು ಇಟ್ಟುಕೊಳ್ಳುವ ಷರತ್ತುಗಳಲ್ಲಿ ಅವರ ಆರೋಗ್ಯವೂ ಸೇರಿರಬೇಕು, ಅವರ ಮಾತಿಗೂ ತಂಡದವರ ಮಾತಿನಷ್ಟೇ ಬೆಲೆ ಇರಬೇಕು.

ವಿದ್ಯಾರ್ಥಿನಿ: ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ಪೂರ್ತಿ ಬಿಡಬೇಕೆಂದು ಎಲ್ಲರೂ ಹೇಳುತ್ತಾರೆ.

ಹಿರಿಯರು: ಒದ್ದೆಯಾದ ಹತ್ತಿಬಟ್ಟೆ ಬಿಸಿಯನ್ನು ಹಿಡಿದಿಡುವುದಿಲ್ಲ, ಬೇಗ ಒಣಗುವುದೂ ಇಲ್ಲ, ಅದರ ಮೇಲೆ ಗಾಳಿ ಬೀಸಿದರೆ ದೇಹದ ಶಾಖ ಸೋರಿಹೋಗಿ ಹೈಪೋಥರ್ಮಿಯಾ, ಅಂದರೆ ಒಳಗಿನ ಉಷ್ಣಾಂಶವೇ 35 ಡಿಗ್ರಿಗಿಂತ ಕೆಳಗೆ ಕುಸಿಯುವ ಸ್ಥಿತಿ ಬರುತ್ತದೆ. ಮೊದಲು ನಡುಕ, ಆಮೇಲೆ ಎಡವು, ಆಮೇಲೆ ತೊದಲು. ನಡುಕ ನಿಂತಿತೆಂದು ಸಮಾಧಾನಪಡುವುದು ಅತ್ಯಂತ ಅಪಾಯದ ತಪ್ಪು, ಏಕೆಂದರೆ ಆಗ ದೇಹ ಶಾಖ ಹುಟ್ಟಿಸುವುದನ್ನೇ ಬಿಟ್ಟಿರುತ್ತದೆ. ಬೆವರು ಹೀರಿ ಹೊರಬಿಡುವ ಒಳಪದರ, ಬಿಸಿ ಹಿಡಿದಿಡುವ ನಡುಪದರ, ಗಾಳಿ ಮಳೆ ತಡೆಯುವ ಹೊರಪದರ, ಇವುಗಳ ಜೊತೆಗೆ ಮಲಗುವಾಗ ತೊಡಲೆಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಜೊತೆ ಒಣಬಟ್ಟೆ ಇದ್ದರೆ ಸಾಕು.

ವಿದ್ಯಾರ್ಥಿನಿ: ಖೀರ್‌ಗಂಗಾ ದಾಟಿದ ಮೇಲೆ ಮೊಬೈಲ್ ಸಿಗುವುದಿಲ್ಲವಂತೆ. ಉಪಗ್ರಹ ಫೋನ್ ಒಯ್ಯಬಹುದೇ?

ಹಿರಿಯರು: ಭಾರತದಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಫೋನನ್ನಾಗಲಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವನ್ನಾಗಲಿ ಇಟ್ಟುಕೊಳ್ಳುವುದು ಅಪರಾಧ. ಆದ್ದರಿಂದ ಹಳೆಯ ಕ್ರಮವನ್ನೇ ಅನುಸರಿಸಬೇಕು: ತಂಡದವರ ಹೆಸರು, ರಕ್ತದ ಗುಂಪು, ದಿನದಿನದ ಬಿಡಾರ, ಮಾರ್ಗದರ್ಶಿಯ ಫೋನ್ ಸಂಖ್ಯೆ, ಯಾವ ದಿನಾಂಕದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬ ವಿವರ ಇವಿಷ್ಟನ್ನು ಬರೆದು ಒಂದು ಪ್ರತಿಯನ್ನು ಮನೆಯಲ್ಲಿ, ಒಂದನ್ನು ಕಾಲೇಜಿನಲ್ಲಿ, ಒಂದನ್ನು ಹಾದಿಯ ಆರಂಭದ ಪೊಲೀಸ್ ಠಾಣೆಯಲ್ಲಿ ಕೊಟ್ಟು ಹೋಗಬೇಕು. ಮಂತಲಾಯಿಯಿಂದ ಬರ್ಶೇಣಿಗೆ ಮರಳಲು ಕಾಯಿಲೆಯವರಿದ್ದರೆ ಮೂರು ದಿನ ಬೇಕು. ಪಾಸ್ ದಾಟಿದ ಮೇಲೆ ಮಡ್ ಹತ್ತಿರ. ಎಂದರೆ ಸಹಾಯಕ್ಕೆ ಅತಿ ದೂರದ ಭಾಗ ಮಂತಲಾಯಿಗೂ ಪಾಸಿಗೂ ನಡುವಿನದು, ತಂಡದ ತೀರ್ಮಾನದ ಸ್ಥಳವೂ ಮಂತಲಾಯಿಯೇ ಆಗಬೇಕು. ಅಲ್ಲಿ ಯಾರಿಗಾದರೂ ತಲೆನೋವು ಒಂದು ದಿನದ ವಿಶ್ರಾಂತಿಯಿಂದಲೂ ಇಳಿಯದಿದ್ದರೆ, ಹೊಸ ಹಿಮ ಬಿದ್ದು ಬಿರುಕುಗಳು ಮುಚ್ಚಿದ್ದರೆ, ಎರಡು ದಿನದ ಮೀಸಲು ಆಹಾರಕ್ಕೆ ಕೈ ಹಾಕುವಂತಾಗಿದ್ದರೆ, ಮಾರ್ಗದರ್ಶಿ ಬೇಡವೆಂದರೆ, ಈ ನಾಲ್ಕರಲ್ಲಿ ಒಂದಾದರೂ ಸರಿ, ಚರ್ಚೆಯಿಲ್ಲದೆ ತಂಡವೆಲ್ಲ ಹಿಂದಿರುಗಬೇಕು. ಒಬ್ಬರನ್ನು ಕೆಳಗೆ ಕಳಿಸಿ ಉಳಿದವರು ಮುಂದೆ ಹೋಗುವ ಮಾತು ಹಾಳೆಯಲ್ಲಿ ಇರಕೂಡದು.

ವಿದ್ಯಾರ್ಥಿನಿ: ಈ ನಾಲ್ಕನ್ನೂ ಬರೆದು ಐವರೂ ಸಹಿ ಹಾಕಬಹುದು. ಕಾಲದ ವಿಷಯ ಮಾತ್ರ ಉಳಿಯಿತು. ಆಗಸ್ಟ್ ಕೊನೆಯಲ್ಲಿ ಹೊರಟು ಸೆಪ್ಟೆಂಬರ್ ಮೊದಲ ವಾರದಲ್ಲಿ ಪಾಸ್ ದಾಟುವುದು ಸರಿಯೇ?

ಹಿರಿಯರು: ಸರಿಯೇ. ಪಿನ್ ಕಣಿವೆ ಮಂಡ್ಯದ ಹಾಗೆಯೇ ಮಳೆನೆರಳಿನ ನಾಡು, ಮುಂಗಾರು ಮೋಡಗಳನ್ನು ಪರ್ವತಶ್ರೇಣಿ ಆಚೆಯೇ ತಡೆದುಬಿಡುತ್ತದೆ. ಆದರೆ ನಡಿಗೆ ಮೊದಲಾಗುವುದು ಮಳೆ ಸುರಿಯುವ ಪಾರ್ವತಿ ಕಣಿವೆಯಲ್ಲಿ. 2023ರ ಜುಲೈನಲ್ಲಿ ಕುಲ್ಲು ಜಿಲ್ಲೆಯ ರಸ್ತೆಗಳನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋದ ಪ್ರವಾಹವನ್ನು ನೆನೆದರೆ ಮುಂಗಾರಿನ ನಡುವೆ ಅಲ್ಲಿಗೆ ಹೋಗದಿರುವುದೇ ಸರಿ. ಇನ್ನು ಹಾಳೆಯ ಕೊನೆಯಲ್ಲಿ ಬರೆದಿರುವ ರೈಲು. ಮಡ್ ತಲುಪಿದ ಮೂರನೆಯ ದಿನಕ್ಕೆ ದೆಹಲಿಯಿಂದ ಬೆಂಗಳೂರಿಗೆ ಟಿಕೆಟ್ ಎಂದಿದೆ, ಅದರ ಮರುವಾರ ಕಾಲೇಜಿನ ಪರೀಕ್ಷೆ ಎಂದೂ ಇದೆ. ಇವೆರಡನ್ನೂ ಬದಲಾಯಿಸಬೇಕು. ಸ್ಪಿತಿಯ ಕಾಜಾದಿಂದ ಕುಂಜುಮ್ ಪಾಸ್ ಮೇಲೆ ಮನಾಲಿಗೆ ಬರುವ ರಸ್ತೆಯೂ ಕಿನ್ನೌರಿನ ರಸ್ತೆಯೂ ಭೂಕುಸಿತದಿಂದ ದಿನಗಟ್ಟಲೆ ಮುಚ್ಚುವುದುಂಟು. ಅದಕ್ಕಿಂತ ಮುಖ್ಯವಾಗಿ, ಮಂತಲಾಯಿಯಲ್ಲಿ ಕೂತು ಮೋಡ ನೋಡುತ್ತಿರುವ ತಂಡದ ಕೈಯಲ್ಲಿ ದಿನ ಗೊತ್ತಾದ ಟಿಕೆಟ್ ಇದ್ದರೆ, ಬರೆದ ನಾಲ್ಕು ಷರತ್ತುಗಳನ್ನು ಮುರಿಸುವುದು ಅದೇ. ಈಗ ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲಷ್ಟೇ ತೆರೆಯುವುದರಿಂದ ಸಮಯವಿದೆ: ಹೋಗುವ ಟಿಕೆಟನ್ನು ಮಾತ್ರ ಈಗ ಗೊತ್ತು ಮಾಡಿ, ಬರುವ ಟಿಕೆಟನ್ನು ನಾಲ್ಕು ದಿನ ತಡವಾಗಿ, ರದ್ದು ಮಾಡಿದರೂ ಹೆಚ್ಚು ನಷ್ಟವಾಗದ ದರ್ಜೆಯಲ್ಲಿ ಕೊಳ್ಳಿ, ಪರೀಕ್ಷೆ ಮುಗಿದ ಮೇಲಿನ ವಾರಕ್ಕೆ ಇಡೀ ಪ್ರವಾಸವನ್ನು ಸರಿಸಲಾಗದಿದ್ದರೆ ಮುಂದಿನ ವರ್ಷಕ್ಕೆ ಇಡಿ.

ವಿದ್ಯಾರ್ಥಿನಿ: ಪರೀಕ್ಷೆ ಮುಗಿಯುವುದು ಸೆಪ್ಟೆಂಬರ್ ಕೊನೆಗೆ, ಸರ್, ಅಷ್ಟು ಹೊತ್ತಿಗೆ ಪಾಸಿನ ಮೇಲೆ ಹೊಸ ಹಿಮ ಬೀಳತೊಡಗಿರುತ್ತದೆ. ಮುಂದಿನ ವರ್ಷ ಎಂದೇ ತಂಡಕ್ಕೆ ತಿಳಿಸಬೇಕಾಗುತ್ತದೆ. ಅಷ್ಟರೊಳಗೆ ಎಲ್ಲರೂ ಒಮ್ಮೆ 4,000 ಮೀಟರ್ ಎತ್ತರದ, ಮೂರು ದಿನದಲ್ಲಿ ರಸ್ತೆಗೆ ಇಳಿದುಬಿಡಬಹುದಾದ ಚಿಕ್ಕ ಹಾದಿಯೊಂದನ್ನು ನಡೆದು ಬರಬಹುದು.

ಹಿರಿಯರು: ಆ ಹಾದಿಯ ಹಾಳೆಯನ್ನೂ ತನ್ನಿ, ಹುರಿಹಿಟ್ಟನ್ನು ಮೊದಲು ಅಲ್ಲಿ ತಿಂದು ನೋಡಬಹುದು.